ಆಫೀಸಿನ ಎ.ಸಿ. ಡಕ್ಟ್‌ನಲ್ಲಿ ಧೂಳು: ಕ್ಲೀನ್ ಮಾಡಿಸುವ ಮೊದಲು ಏನು ನೋಡಬೇಕು, ಮಾಡಿಸುವಾಗ ಏನು ಕೇಳಬೇಕು

"ಅಣ್ಣ, ಈ ಸಾಲಿನ ಟೇಬಲ್ ಎಷ್ಟು ಒರೆಸಿದ್ರೂ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತೆ. ಆ ಕಡೆ ಸಾಲಿಗೆ ಏನೂ ಇಲ್ಲ ನೋಡಿ."

ಬೆಳ್ಳಂದೂರು ಕಡೆಯ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ನನಗೆ ಹೀಗೆ ಹೇಳಿದರು. ಅಲ್ಲಿ ಮೂರು ವಾರದಿಂದ ಸೀನು, ಕಣ್ಣುರಿ, ಗಂಟಲು ಕೆರೆತ ಅಂತ ದೂರು ಬರುತ್ತಿತ್ತು. ಕಾರ್ಪೆಟ್‌ಗೆ ಶಾಂಪೂ ಹಾಕಿಸಿದ್ದರು. ಎರಡು ಏರ್ ಪ್ಯೂರಿಫೈಯರ್ ತಂದಿಟ್ಟಿದ್ದರು. ಕುಂಡದ ಗಿಡಗಳೂ ಬಂದಿದ್ದವು. ನಾನು ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಇಸಿದುಕೊಂಡು ನೋಡಿದೆ. ಅದು ಮಾಮೂಲಿ ಬೂದು ಧೂಳಲ್ಲ. ಗೋಡೆಗೆ ಹಚ್ಚುವ ಪುಟ್ಟಿಯ ಥರ ನುಣ್ಣಗಿನ ಬಿಳಿ ಪುಡಿ. ಹಿಂದಿನ ತಿಂಗಳು ಅದೇ ಫ್ಲೋರಿನ ಇನ್ನರ್ಧದಲ್ಲಿ ಇಂಟೀರಿಯರ್ ಕೆಲಸ ನಡೆದಿತ್ತು. ಜಿಪ್ಸಮ್ ಬೋರ್ಡಿನ ಜಾಯಿಂಟ್ ಉಜ್ಜುವಾಗ ಎ.ಸಿ. ಓಡುತ್ತಲೇ ಇತ್ತು. ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ ಅಂತ ಅದನ್ನೇ ಕಳಚಿ ಪಕ್ಕಕ್ಕೆ ಒರಗಿಸಿದ್ದರು. ಪುಡಿಯೆಲ್ಲ ನೇರವಾಗಿ ಡಕ್ಟ್ ಒಳಗೆ, ಅಂದರೆ ಎ.ಸಿ. ಗಾಳಿ ಸಾಗುವ ತಗಡಿನ ಕೊಳವೆಯೊಳಗೆ, ಹೋಗಿ ಕೂತಿತ್ತು.

ಬಿಲ್ಡಿಂಗ್ ಮೇಂಟೆನೆನ್ಸ್‌ನಲ್ಲಿ ಇಷ್ಟು ವರ್ಷ ಇದ್ದು ನನಗೆ ಗಟ್ಟಿಯಾಗಿರುವ ಮಾತು ಒಂದೇ. ಡಕ್ಟ್ ತಾನಾಗಿ ಗಲೀಜಾಗುವುದಿಲ್ಲ. ಎಲ್ಲಿಂದಲೋ ಧೂಳು ಬಂದಿರುತ್ತದೆ, ಎಲ್ಲೋ ನೀರು ನಿಂತಿರುತ್ತದೆ. ಅದನ್ನು ಹುಡುಕದೆ ಡಕ್ಟ್ ಮಾತ್ರ ಕ್ಲೀನ್ ಮಾಡಿಸಿದರೆ, ಕೆಲವೇ ತಿಂಗಳಲ್ಲಿ ಅದೇ ಬಿಲ್ ಮತ್ತೆ ಕಟ್ಟಬೇಕಾಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಕ್ಲೀನಿಂಗ್ ಕೊನೆಗೆ ಬರುತ್ತದೆ. ಹುಡುಕುವ ಕೆಲಸವೇ ಜಾಸ್ತಿ ಇದೆ.

ಆಫೀಸ್, ಬ್ಯಾಂಕ್ ಶಾಖೆ, ಕೋಚಿಂಗ್ ಸೆಂಟರ್, ಶೋರೂಮ್, ಕ್ಲಿನಿಕ್, ಹೀಗೆ ಸೀಲಿಂಗ್ ಮೇಲೆ ಡಕ್ಟ್ ಓಡುವ ಯಾವ ಜಾಗವನ್ನು ನೋಡಿಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಬರೀ ಸ್ಪ್ಲಿಟ್ ಎ.ಸಿ. ಇರುವವರಿಗೆ ಡಕ್ಟ್‌ನ ತಲೆನೋವಿಲ್ಲ, ಆದರೆ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಕೊಳವೆಗಳ ಸುರುಳಿ) ಮತ್ತು ಡ್ರೈನ್ ಟ್ರೇ (ಅದರಿಂದ ಇಳಿಯುವ ನೀರು ಹಿಡಿಯುವ ತಟ್ಟೆ) ಬಗ್ಗೆ ಹೇಳುವುದು ಅವರಿಗೂ ಸೇರಿದ್ದೇ.

ಮೊದಲು ಗಾಳಿಯ ದಾರಿ ತಿಳಿದುಕೊಳ್ಳಿ

ನಮ್ಮ ತಲೆ ಮೇಲಿನ ಜಾಲರಿಗಳು ಎರಡು ಥರ. ಒಂದರಿಂದ ತಣ್ಣನೆ ಗಾಳಿ ಬೀಸುತ್ತದೆ, ಅದು ಡಿಫ್ಯೂಸರ್. ಇನ್ನೊಂದು ರೂಮಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದು ರಿಟರ್ನ್ ಗ್ರಿಲ್. ಒಂದು ಟಿಶ್ಯೂ ಪೇಪರ್ ಹಿಡಿದರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ರಿಟರ್ನ್ ಗಾಳಿ ಸಾಮಾನ್ಯವಾಗಿ ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗದಲ್ಲಿ ಹಾದು ಎಎಚ್‌ಯು (ಗಾಳಿಯನ್ನು ತಣ್ಣಗೆ ಮಾಡಿ ಡಕ್ಟ್‌ಗೆ ತಳ್ಳುವ ಮಷಿನ್) ಇರುವ ರೂಮಿಗೆ ಹೋಗುತ್ತದೆ. ಅಲ್ಲಿ ಹೊರಗಿನ ತಾಜಾ ಗಾಳಿ ಸ್ವಲ್ಪ ಬೆರೆಯುತ್ತದೆ. ಆಮೇಲೆ ಫಿಲ್ಟರ್, ತಣ್ಣಗಿನ ಕಾಯಿಲ್, ಫ್ಯಾನ್, ಸಪ್ಲೈ ಡಕ್ಟ್ ದಾಟಿ ವಾಪಸ್ ನಮ್ಮ ತಲೆ ಮೇಲೆ. ದಿನವಿಡೀ ಹೆಚ್ಚಿನ ಪಾಲು ಅದೇ ಗಾಳಿ ಸುತ್ತು ಹೊಡೆಯುತ್ತಿರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಫಿಲ್ಟರಿಗಿಂತ ಮುಂಚೆ ಇರುವ ಧೂಳನ್ನು ಫಿಲ್ಟರ್ ಹಿಡಿಯಬಹುದು. ಫಿಲ್ಟರ್ ಆದಮೇಲೆ ಕಾಯಿಲ್ ಮೇಲೆ, ಟ್ರೇಯಲ್ಲಿ, ಸಪ್ಲೈ ಡಕ್ಟ್‌ನಲ್ಲಿ ಏನೇ ಇದ್ದರೂ ಅದಕ್ಕೂ ನಿಮ್ಮ ಮೂಗಿಗೂ ನಡುವೆ ತಡೆಯೇ ಇಲ್ಲ.

ಇನ್ನೊಂದು ಮಾತು. ಎಷ್ಟೋ ಕಟ್ಟಡಗಳಲ್ಲಿ ಎಎಚ್‌ಯು ರೂಮೇ ರಿಟರ್ನ್ ಗಾಳಿಯ ಕೋಣೆ. ಮಷಿನ್ ಆ ರೂಮಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನಾವು ಅಲ್ಲಿ ಪೊರಕೆ, ಒದ್ದೆ ಮಾಪ್, ಫಿನಾಯಿಲ್ ಕ್ಯಾನ್, ಉಳಿದ ಪೇಂಟ್ ಡಬ್ಬ ಎಲ್ಲ ತುಂಬಿಡುತ್ತೇವೆ. ಆ ಡಬ್ಬದ ಮುಚ್ಚಳ ಸಡಿಲ ಇದ್ದರೆ ಫ್ಲೋರಿನವರೆಲ್ಲ ಅದನ್ನೇ ಉಸಿರಾಡುತ್ತಾರೆ. ದುಡ್ಡು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಇದು: ಎಎಚ್‌ಯು ರೂಮ್ ಖಾಲಿ ಮಾಡಿಸಿ, ನೆಲ ಒರೆಸಿಸಿ, ಬೀಗ ಹಾಕಿಸಿ.

ಇದು ಮೈಗೆ ಏನು ಮಾಡುತ್ತದೆ

ಒಣಗಿ ಡಕ್ಟ್‌ಗೆ ಅಂಟಿಕೊಂಡಿರುವ ತೆಳು ಧೂಳಿಗೆ ಗಾಬರಿ ಬೀಳಬೇಕಾಗಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಮನೆಗಳ ಡಕ್ಟ್ ಬಗ್ಗೆ ಇದನ್ನೇ ಹೇಳುತ್ತದೆ. ಡಕ್ಟ್ ಕ್ಲೀನಿಂಗ್‌ನಿಂದ ಆರೋಗ್ಯದ ತೊಂದರೆ ತಪ್ಪುತ್ತದೆ ಅಂತ ಸಾಬೀತಾಗಿಲ್ಲ, ವರ್ಷ ವರ್ಷ ಮಾಡಿಸುವ ಬದಲು ಅಗತ್ಯ ಕಂಡಾಗ ಮಾಡಿಸಿ ಅನ್ನುತ್ತದೆ. ಬೂಷ್ಟು ಕಂಡರೆ, ಇಲಿ ಅಥವಾ ಹುಳ ಸೇರಿಕೊಂಡಿದ್ದರೆ, ಧೂಳು ಕಟ್ಟಿ ಗಾಳಿಗೇ ಅಡ್ಡಿಯಾಗಿದ್ದರೆ, ಧೂಳಿನ ಕಣ ರೂಮಿಗೆ ಉದುರುತ್ತಿದ್ದರೆ ಮಾಡಿಸಬೇಕು. ಆಫೀಸಿಗೂ ಇದೇ ಲೆಕ್ಕ ಸರಿ ಹೊಂದುತ್ತದೆ ಅನ್ನುವುದು ನನ್ನ ಅನುಭವ.

ತೊಂದರೆ ಶುರುವಾಗುವುದು ಧೂಳಿಗೆ ನೀರು ಸೇರಿದಾಗ. ಧೂಳಿನಲ್ಲಿ ಚರ್ಮದ ಹೊಟ್ಟು, ಬಟ್ಟೆಯ ಎಳೆ, ಕಾಗದದ ಪುಡಿ ಎಲ್ಲ ಇರುತ್ತದೆ. ಬೂಷ್ಟಿಗೆ ಅದೇ ಊಟ. ನೀರೊಂದು ಸಿಕ್ಕರೆ ಸಾಕು. ಒದ್ದೆಯಾದ ಯಾವುದನ್ನೇ ಆದರೂ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು ಅನ್ನುವುದು ಇದಕ್ಕೇ. ಬೂಷ್ಟಿನ ಬೀಜಕಣ ಗಾಳಿಯಲ್ಲಿ ಬಂದರೆ ಅಲರ್ಜಿ ಇರುವವರಿಗೆ ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ. ಆಸ್ತಮಾ ಇರುವವರಿಗೆ ಉಬ್ಬಸ. ವಾಸನೆ ಹಳೇ ಸಾಕ್ಸಿನ ಹಾಗಿರುತ್ತದೆ.

ಒಂದು ಗುರುತು ನೆನಪಿಡಿ. ಬೆಳಗ್ಗೆ ಆಫೀಸಿಗೆ ಬಂದ ಸ್ವಲ್ಪ ಹೊತ್ತಿಗೆ ಶುರುವಾಗಿ, ಮನೆಗೆ ಹೋದಮೇಲೆ ಅಥವಾ ಭಾನುವಾರ ಕಡಿಮೆಯಾಗುವ ತೊಂದರೆಗೆ ಕಟ್ಟಡವೇ ಕಾರಣ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯೊಂದು 1984ರಲ್ಲೇ ಹೇಳಿತ್ತು: ಹೊಸದಾಗಿ ಕಟ್ಟಿದ ಅಥವಾ ನವೀಕರಿಸಿದ ಕಟ್ಟಡಗಳಲ್ಲಿ 30 ಶೇಕಡಾದಷ್ಟರಲ್ಲಿ ಒಳಗಾಳಿಯ ಬಗ್ಗೆ ದೂರುಗಳು ಜಾಸ್ತಿ ಇರಬಹುದು ಎಂದು. ಗಮನಿಸಿ, ಹೊಸ ಕಟ್ಟಡ ಕೂಡ. "ನಮ್ಮದು ಹೊಸ ಬಿಲ್ಡಿಂಗ್ ಸರ್" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಬಿಳಿ ಪುಡಿ ನೆನಪಾಗುತ್ತದೆ.

ಲೀಜಿಯೊನೆಲ್ಲಾ ಬಗ್ಗೆಯೂ ಜನ ಕೇಳುತ್ತಾರೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲ್ ಒಂದರಲ್ಲಿ ಸಮಾವೇಶಕ್ಕೆ ಬಂದವರು ನ್ಯುಮೋನಿಯಾದಿಂದ ಸತ್ತ ಮೇಲೆ ಆ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದು ನೀರಿನ ಸೂಕ್ಷ್ಮ ಹನಿಗಳಲ್ಲಿ ಹರಡುತ್ತದೆ. ಅಂದರೆ ನೋಡಬೇಕಾದ್ದು ಕೂಲಿಂಗ್ ಟವರ್ (ದೊಡ್ಡ ಎ.ಸಿ. ವ್ಯವಸ್ಥೆಯ ಬಿಸಿ ನೀರನ್ನು ಆರಿಸುವ ಗೋಪುರ) ನೀರು. ಡಕ್ಟ್‌ನ ಒಣ ಧೂಳಿಗೂ ಅದಕ್ಕೂ ಸಂಬಂಧ ಕಲ್ಪಿಸಿ ಯಾರಾದರೂ ಹೆದರಿಸಿದರೆ ನಂಬಬೇಡಿ.

ಹೆಜ್ಜೆ 1: ದೂರುಗಳನ್ನು ನಕ್ಷೆ ಮೇಲೆ ಗುರುತು ಮಾಡಿ

ಫ್ಲೋರ್ ಪ್ಲಾನ್‌ನ ಒಂದು ಪ್ರಿಂಟ್ ತೆಗೆದುಕೊಳ್ಳಿ. ಯಾರಿಗೆ ತೊಂದರೆ ಇದೆಯೋ ಅವರ ಸೀಟಿಗೆ ಚುಕ್ಕೆ ಇಡಿ. ಪಕ್ಕದಲ್ಲಿ ಹೊತ್ತು ಬರೆಯಿರಿ, ಏನು ತೊಂದರೆ ಅಂತ ಬರೆಯಿರಿ. ಹೆಸರು ಬರೆಯಬೇಡಿ, ಜನ ಮುಜುಗರಪಡುತ್ತಾರೆ. ಒಂದು ವಾರ ಹೀಗೆ ಮಾಡಿ. ಆಮೇಲೆ ಅದೇ ನಕ್ಷೆ ಮೇಲೆ ಯಾವ ಎಎಚ್‌ಯು ಯಾವ ಜಾಗಕ್ಕೆ ಗಾಳಿ ಕೊಡುತ್ತದೆ ಅಂತ ಗೆರೆ ಎಳೆಯಿರಿ.

ಚುಕ್ಕೆಗಳೆಲ್ಲ ಒಂದೇ ಎಎಚ್‌ಯು ಕೆಳಗೆ ಬಂದರೆ ಅಲ್ಲಿಂದ ಶುರು ಮಾಡಿ. ಎರಡು ಮೂರು ಡಿಫ್ಯೂಸರ್ ಕೆಳಗೆ ಮಾತ್ರ ಇದ್ದರೆ ಆ ಕವಲಿನ ಡಕ್ಟ್ ನೋಡಿ. ಇಡೀ ಫ್ಲೋರಿನಲ್ಲಿ ಹರಡಿದ್ದು, ಮಧ್ಯಾಹ್ನದ ಮೇಲೆ ತಲೆನೋವು ತೂಕಡಿಕೆ ಜಾಸ್ತಿ ಇದ್ದರೆ, ಅದು ಡಕ್ಟ್ ಧೂಳಿಗಿಂತ ತಾಜಾ ಗಾಳಿ ಸಾಲದೆ ಆಗುತ್ತಿರುವ ಸಾಧ್ಯತೆಯೇ ಹೆಚ್ಚು. ಸೋಮವಾರ ಬೆಳಗ್ಗೆ ಮಾತ್ರ ಜೋರಾಗಿದ್ದರೆ, ಎರಡು ದಿನ ಎ.ಸಿ. ಬಂದ್ ಇದ್ದಾಗ ಒಳಗೆ ಏನೋ ತೇವ ಇದೆ ಅಂತ ಅನುಮಾನಿಸಿ.

ಹೌಸ್‌ಕೀಪಿಂಗ್‌ನವರನ್ನು ಕೇಳುವುದನ್ನು ಮರೆಯಬೇಡಿ. ಯಾವ ಟೇಬಲ್ ಮೇಲೆ ಯಾವ ಧೂಳು ಅಂತ ಅವರಿಗೆ ಗೊತ್ತಿರುವಷ್ಟು ಯಾವ ಮೀಟರಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 2: ಧೂಳಿನ ಬಣ್ಣ ನೋಡಿ

ಅನುಮಾನ ಇರುವ ಡಿಫ್ಯೂಸರ್ ಕೆಳಗಿನ ಟೇಬಲ್ ಮೇಲೆ ರಾತ್ರಿ ಒಂದು ಎ4 ಹಾಳೆ ಇಡಿ. ಅರ್ಧ ಕಪ್ಪು, ಅರ್ಧ ಬಿಳಿ ಹಾಳೆ ಆದರೆ ಇನ್ನೂ ಒಳ್ಳೆಯದು. ಮಾರನೇ ಸಂಜೆ ಬೆರಳಲ್ಲಿ ಉಜ್ಜಿ ನೋಡಿ.

ನುಣ್ಣಗಿನ ಬಿಳಿ ಪುಡಿ ಅಂದರೆ ಜಿಪ್ಸಮ್ ಅಥವಾ ಪುಟ್ಟಿ, ಇಂಟೀರಿಯರ್ ಕೆಲಸದ ಉಳಿಕೆ. ಕಪ್ಪು, ಜಿಡ್ಡಿನಂಥ ಪುಡಿ ಅಂದರೆ ಎರಡು ಸಾಧ್ಯತೆ: ಎಎಚ್‌ಯು ಫ್ಯಾನ್ ಬೆಲ್ಟ್ ಸವೆದು ಉದುರುತ್ತಿದೆ, ಇಲ್ಲವೇ ತಾಜಾ ಗಾಳಿಯ ಕಿಂಡಿಯ ಹತ್ತಿರ ಜನರೇಟರ್ ಹೊಗೆ ಅಥವಾ ರಸ್ತೆಯ ಹೊಗೆ ಇದೆ. ಕೆಂಚು ಬಣ್ಣದ ಚಕ್ಕೆ ಅಂದರೆ ಒಳಗೆ ಜಿಐ ಶೀಟ್ (ಡಕ್ಟ್ ಮಾಡುವ ಸತು ಲೇಪಿಸಿದ ತಗಡು) ತುಕ್ಕು ಹಿಡಿದಿದೆ, ಅಂದರೆ ಅಲ್ಲಿ ನೀರಿದೆ. ಹಳದಿ, ಚುಚ್ಚುವ ಎಳೆಗಳು ಕಂಡರೆ ಡಕ್ಟ್ ಒಳಗಿನ ಗ್ಲಾಸ್ ವುಲ್ ಹರಿದಿದೆ. ಮೈ ತುರಿಕೆ ಅಂತ ದೂರು ಬರುವುದು ಆಗ. ಬೂದು ಬಣ್ಣದ ಹತ್ತಿಯಂಥ ಧೂಳು ಬಟ್ಟೆ, ಕಾರ್ಪೆಟ್, ಜನರದ್ದು. ಅದು ಎಲ್ಲ ಕಡೆ ಇರುವುದೇ.

ಇಲ್ಲಿ ಒಂದು ತಪ್ಪು ತುಂಬ ಜನ ಮಾಡುತ್ತಾರೆ. ಡಿಫ್ಯೂಸರ್ ಸುತ್ತ ಬಿಳಿ ಸೀಲಿಂಗ್ ಮೇಲೆ ಕಪ್ಪು ಕಲೆ ಕಂಡ ಕೂಡಲೇ "ನೋಡಿ, ಡಕ್ಟ್ ಒಳಗೆ ಎಷ್ಟು ಗಲೀಜು" ಅಂತಾರೆ. ಎಷ್ಟೋ ಸಲ ಅದು ಡಕ್ಟ್‌ನದ್ದಲ್ಲ. ಡಿಫ್ಯೂಸರಿನಿಂದ ಗಾಳಿ ಜೋರಾಗಿ ಹೊರಟಾಗ ಅಕ್ಕಪಕ್ಕದ ರೂಮಿನ ಗಾಳಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ರೂಮಿನ ಧೂಳು ಸೀಲಿಂಗ್‌ಗೆ ಅಂಟಿ ಅಂಟಿ ಕಪ್ಪಾಗುತ್ತದೆ. ಪರೀಕ್ಷೆ ಸುಲಭ. ಡಿಫ್ಯೂಸರ್ ಕಳಚಿ, ಅದರ ಕತ್ತಿನ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಒಳಗೆ ಕ್ಲೀನ್, ಹೊರಗೆ ಕಪ್ಪು ಅಂದರೆ ಡಕ್ಟ್ ತಪ್ಪಿಲ್ಲ. ಒಳಗೂ ಕಪ್ಪು ಅಂದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಎಎಚ್‌ಯು ಬಾಗಿಲು ತೆರೆಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮೊದಲು ಒಂದು ಎಚ್ಚರಿಕೆ. ಎಎಚ್‌ಯು ಒಳಗೆ ಕೈ ಹಾಕುವ ಮುಂಚೆ ಮೇನ್ ಐಸೋಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಒಳಗೆ ಹೋಗುವವರ ಜೇಬಿನಲ್ಲೇ ಇರಬೇಕು. ಸ್ಕ್ರೀನ್ ಮೇಲೆ ಆಫ್ ಅಂತ ತೋರಿಸಿದರೆ ಸಾಲದು. ಟೈಮರ್ ಪ್ರಕಾರ ಫ್ಯಾನ್ ತಾನಾಗಿ ಶುರುವಾಗುತ್ತದೆ. ಒಳಗಿರುವ ಹುಡುಗನ ಕೈ ಬೆಲ್ಟ್ ಹತ್ತಿರ ಇರುತ್ತದೆ.

ಫಿಲ್ಟರ್ ನೋಡಿ. ಗಲೀಜಾಗಿದೆಯೇ ಅನ್ನುವುದಕ್ಕಿಂತ ಫ್ರೇಮಿನಲ್ಲಿ ಸರಿಯಾಗಿ ಕೂತಿದೆಯೇ ಅನ್ನುವುದು ಮುಖ್ಯ. ಎರಡು ಫಿಲ್ಟರ್ ನಡುವೆ ಬೆರಳು ತೂರುವಷ್ಟು ಸಂದಿ ಇದ್ದರೆ ಗಾಳಿ ಸುಲಭದ ದಾರಿ ಹಿಡಿದು ಅಲ್ಲೇ ನುಗ್ಗುತ್ತದೆ. ಫಿಲ್ಟರಿನ ಆಚೆ ಬದಿಯಲ್ಲಿ ಟಾರ್ಚ್ ಹಿಡಿದು, ಈಚೆಯಿಂದ ನೋಡಿದರೆ ಸಂದಿ ಎಲ್ಲಿದೆ ಅಂತ ಬೆಳಕೇ ತೋರಿಸುತ್ತದೆ. ತೊಳೆಯುವ ಫಿಲ್ಟರ್ ಆದರೆ ಪೂರ್ತಿ ಒಣಗಿಸಿಯೇ ಹಾಕಬೇಕು. ಒದ್ದೆ ಫಿಲ್ಟರ್ ಅಂದರೆ ನಾವೇ ಬೂಷ್ಟಿಗೆ ಜಾಗ ಮಾಡಿಕೊಟ್ಟ ಹಾಗೆ. ಪ್ರೆಷರ್ ಪಂಪಿನಲ್ಲಿ ಬಡಿದು ತೊಳೆದ ಫಿಲ್ಟರ್ ಹರಿದಿರುತ್ತದೆ, ಬೆಳಕಿಗೆ ಹಿಡಿದು ನೋಡಿ.

ಫಿಲ್ಟರಿನ ದರ್ಜೆಯನ್ನೂ ಕೇಳಿ. ಅದನ್ನು ಮರ್ವ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟು ಸಣ್ಣ ಧೂಳನ್ನೂ ಹಿಡಿಯುತ್ತದೆ. ಮರ್ವ್ 8 ದರ್ಜೆಯದು 3ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಧೂಳಿನಲ್ಲಿ 70 ಶೇಕಡಾದಷ್ಟನ್ನಾದರೂ ಹಿಡಿಯಬೇಕು. ಮರ್ವ್ 13 ಆದರೆ 1 ಮೈಕ್ರಾನಿಗಿಂತ ಸಣ್ಣ ಕಣಗಳಲ್ಲೂ ಅರ್ಧದಷ್ಟನ್ನಾದರೂ ಹಿಡಿಯುತ್ತದೆ. ಕೋವಿಡ್ ಸಮಯದಲ್ಲಿ ಅಮೆರಿಕದ ಎ.ಸಿ. ಎಂಜಿನಿಯರುಗಳ ಸಂಸ್ಥೆ ಆಶ್ರೇ, ಮರ್ವ್ 13ಕ್ಕೆ ಏರಿಸಿ ಅಂತ ಸಲಹೆ ಕೊಟ್ಟಿತ್ತು. ಆದರೆ ಸುಮ್ನೆ ಹಾಕಿಬಿಡಬೇಡಿ. ದಟ್ಟ ಫಿಲ್ಟರಿಗೆ ಫ್ಯಾನ್ ಜಾಸ್ತಿ ಶಕ್ತಿ ಹಾಕಬೇಕು. ನಿಮ್ಮ ಎಎಚ್‌ಯು ತಡೆಯುತ್ತದೆಯೇ ಅಂತ ಕೇಳಿಯೇ ಹಾಕಿ. ಫಿಲ್ಟರ್ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್ ಇಲ್ಲದಿದ್ದರೆ ಒಂದನ್ನು ಹಾಕಿಸಿ. ಯಾವಾಗ ಬದಲಿಸಬೇಕು ಅನ್ನುವುದನ್ನು ಕ್ಯಾಲೆಂಡರಿಗಿಂತ ಅದು ಸರಿಯಾಗಿ ಹೇಳುತ್ತದೆ.

ಈಗ ಕಾಯಿಲ್ ಕೆಳಗಿನ ಡ್ರೈನ್ ಟ್ರೇ. ಬಗ್ಗಿ, ಟಾರ್ಚ್ ಹಾಕಿ ನೋಡಿ. ಇಲ್ಲಿ ನೀರು ಹರಿದು ಹೋಗಬೇಕು, ನಿಲ್ಲಬಾರದು. ನಾನು ನೋಡಿದ ಒಂದು ಟ್ರೇಯಲ್ಲಿ ಎರಡು ಬೆರಳು ಎತ್ತರ ನೀರು, ಮೇಲೆ ಕಂದು ಬಣ್ಣದ ಲೋಳೆ, ಅಂಚಿನಲ್ಲಿ ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ಪೈಪ್ ಕಟ್ಟಿಕೊಂಡಿದೆ ಅಂತ ಟೆಕ್ನಿಷಿಯನ್ ತಂತಿ ಹಾಕಿ ಹಾಕಿ ಸುಸ್ತಾಗಿದ್ದ. ಪೈಪ್ ಕಟ್ಟಿಕೊಂಡಿರಲೇ ಇಲ್ಲ. "ಸರ್, ಫ್ಯಾನ್ ಆಫ್ ಮಾಡಿದ್ರೆ ನೀರು ಹೋಗುತ್ತೆ, ಆನ್ ಮಾಡಿದ್ರೆ ನಿಂತ್ಕೊಳ್ಳುತ್ತೆ" ಅಂದ. ಅವನ ಮಾತಲ್ಲೇ ಉತ್ತರ ಇತ್ತು.

ಕಾಯಿಲ್ ಆದಮೇಲೆ ಫ್ಯಾನ್ ಇರುವ ಎಎಚ್‌ಯುಗಳಲ್ಲಿ ಫ್ಯಾನ್ ಗಾಳಿಯನ್ನು ಹೀರುತ್ತದೆ, ಹಾಗಾಗಿ ಟ್ರೇ ಇರುವ ಜಾಗದಲ್ಲಿ ಒತ್ತಡ ಹೊರಗಿಗಿಂತ ಕಡಿಮೆ. ಡ್ರೈನ್ ಪೈಪಿಗೆ ಯು ಆಕಾರದ ಟ್ರ್ಯಾಪ್ ಇಲ್ಲದಿದ್ದರೆ ಅಥವಾ ಅದು ಆಳ ಸಾಲದಿದ್ದರೆ, ಹೊರಗಿನ ಗಾಳಿ ಪೈಪಿನಲ್ಲಿ ಮೇಲಕ್ಕೆ ನುಗ್ಗಿ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಲೆಕ್ಕ ಸರಳ. 250 ಪ್ಯಾಸ್ಕಲ್ ಹೀರಿಕೆಗೆ ಸುಮಾರು 25 ಮಿಲಿಮೀಟರ್ ನೀರಿನ ಎತ್ತರ ಬೇಕು. 500 ಆದರೆ 50 ಮಿಲಿಮೀಟರ್, ಮೇಲೆ ಸ್ವಲ್ಪ ಉಳಿಕೆ. ಪ್ಲಂಬರ್ ತನ್ನ ಹತ್ತಿರ ಇದ್ದ ಬೆಂಡ್ ಹಾಕಿ ಹೋಗಿದ್ದರೆ ಈ ಲೆಕ್ಕ ಯಾರೂ ಮಾಡಿರುವುದಿಲ್ಲ.

ಟ್ರ್ಯಾಪ್ ಇದ್ದರೂ ಬೇಸಿಗೆಯಲ್ಲಿ ಕೈ ಕೊಡಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಕಾಯಿಲ್ ಮೇಲೆ ನೀರೇ ಇಳಿಯುವುದಿಲ್ಲ. ಟ್ರ್ಯಾಪ್‌ನ ನೀರು ಆವಿಯಾಗಿ ಹೋಗುತ್ತದೆ. ಆಮೇಲೆ ಎಎಚ್‌ಯು ಮೋರಿ ವಾಸನೆಯನ್ನು ಎಳೆದು ಫ್ಲೋರಿಗೆಲ್ಲ ಹಂಚುತ್ತದೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಟ್ರೇಗೆ ಒಂದು ಚೊಂಬು ನೀರು ಹಾಕಿ. ಎಷ್ಟೋ "ಡಕ್ಟ್ ವಾಸನೆ" ದೂರು ಇಷ್ಟರಲ್ಲೇ ಮುಗಿಯುತ್ತದೆ.

ಇನ್ನು ತಾಜಾ ಗಾಳಿಯ ಕಿಂಡಿ. ಬೆಂಗಳೂರಿನಲ್ಲಿ ಇದನ್ನು ನೋಡುವಾಗ ಪಾರಿವಾಳಗಳ ಬಗ್ಗೆ ಎಚ್ಚರ ಇರಲಿ. ಲೂವರ್ (ಕಿಂಡಿಯ ಓರೆ ಪಟ್ಟಿಗಳು) ಹಿಂದಿನ ಜಾಲರಿ ಕಿತ್ತಿದ್ದರೆ ಗೂಡು ಕಟ್ಟಿರುತ್ತವೆ. ಹಿಕ್ಕೆ, ಪುಕ್ಕ ಎಲ್ಲ ಗಾಳಿಯ ಬಾಯಲ್ಲೇ ಬಿದ್ದಿರುತ್ತದೆ. ಒಣಗಿದ ಹಿಕ್ಕೆಯ ಪುಡಿ ಉಸಿರಲ್ಲಿ ಹೋದರೆ ಕೆಲವರಿಗೆ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಒಣ ಪೊರಕೆಯಲ್ಲಿ ಗುಡಿಸಲು ಯಾರನ್ನೂ ಕಳಿಸಬೇಡಿ. ಆ ಹೊತ್ತು ಫ್ಯಾನ್ ನಿಲ್ಲಿಸಿ, ನೀರು ಚಿಮುಕಿಸಿ ಒದ್ದೆ ಮಾಡಿ, ಎನ್95 ಮಾಸ್ಕ್ ಮತ್ತು ಕೈಗವಸು ಕೊಟ್ಟು, ಎತ್ತಿ ಚೀಲಕ್ಕೆ ಹಾಕಿಸಿ. ಆಮೇಲೆ ಗಟ್ಟಿ ಜಾಲರಿ.

ಹೆಜ್ಜೆ 4: ಡಕ್ಟ್ ಒಳಗೆ ಇಣುಕಿ

ಎಲ್ಲ ಕಡೆ ತೆರೆಯಬೇಕಾಗಿಲ್ಲ. ನಾಲ್ಕು ಜಾಗ ಸಾಕು: ಕಾಯಿಲ್ ದಾಟಿದ ಕೂಡಲೇ ಸಿಗುವ ಡಕ್ಟ್, ಮೊದಲ ತಿರುವು, ದೂರು ಇರುವ ಕವಲು, ಕೊನೆಯ ಡಿಫ್ಯೂಸರ್ ಮೇಲಿನ ಫ್ಲೆಕ್ಸಿಬಲ್ ಡಕ್ಟ್. ಮೊಬೈಲಿಗೆ ಹಾಕುವ ಉದ್ದ ತಂತಿಯ ಕ್ಯಾಮೆರಾ ಈಗ ಸುಲಭವಾಗಿ ಸಿಗುತ್ತದೆ. ಪ್ರತಿ ಫೋಟೋದಲ್ಲೂ ಜಾಗದ ನಂಬರ್ ಬರೆದ ಚೀಟಿ ಕಾಣುವ ಹಾಗೆ ತೆಗೆಯಿರಿ. ಕ್ಲೀನಿಂಗ್ ಆದಮೇಲೆ ಅದೇ ಜಾಗದ ಫೋಟೋ ಬೇಕಾಗುತ್ತದೆ.

ಶೀಟ್ ಮೇಲೆ ತೆಳುವಾದ ಧೂಳಿನ ಪದರ, ಬೆರಳಲ್ಲಿ ಗೆರೆ ಎಳೆದರೆ ಹೊಳಪು ಕಾಣುತ್ತದೆ, ಒಣಗಿದೆ ಅಂದರೆ ಅದು ಮಾಮೂಲಿ. ಮುಚ್ಚಿ, ಮುಂದಿನ ವರ್ಷ ನೋಡಿ. ಧೂಳು ಗುಡ್ಡೆ ಕಟ್ಟಿದ್ದರೆ, ಸಿಮೆಂಟ್ ಚೂರು, ಇಲಿ ಹಿಕ್ಕೆ ಇದ್ದರೆ ಕ್ಲೀನಿಂಗ್ ಬೇಕು. ತೇವ, ತುಕ್ಕಿನ ಗೆರೆ, ಬೂಷ್ಟಿನ ಚುಕ್ಕೆ ಕಂಡರೆ ಮೊದಲು ನೀರಿನ ಮೂಲ ನಿಲ್ಲಿಸಿ, ಆಮೇಲೆ ಕ್ಲೀನಿಂಗ್. ಯಾವ ಜಾತಿಯ ಬೂಷ್ಟು ಅಂತ ಲ್ಯಾಬಿಗೆ ಕಳಿಸಿ ಕಾಯುತ್ತ ಕೂರಬೇಡಿ. ಯಾವುದಾದರೂ ತೆಗೆಯಲೇಬೇಕು.

ಮಂಗಳೂರು, ಉಡುಪಿ, ಕಾರವಾರ ಕಡೆಯವರು ಡಕ್ಟ್‌ನ ಹೊರಗಡೆಯನ್ನೂ ನೋಡಬೇಕು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಇನ್ಸುಲೇಷನ್ ಹರಿದ ಜಾಗದಲ್ಲಿ ತಣ್ಣನೆ ಡಕ್ಟ್ ಬೆವರುತ್ತದೆ. ಆ ನೀರು ಸೀಲಿಂಗ್ ಟೈಲ್‌ಗೆ ಇಳಿದು, ಟೈಲ್ ಬೂಷ್ಟು ಹಿಡಿದು, ರಿಟರ್ನ್ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಡಕ್ಟ್ ಒಳಗೆ ಎಷ್ಟು ಉಜ್ಜಿದರೂ ಈ ವಾಸನೆ ಹೋಗುವುದಿಲ್ಲ.

ಹೆಜ್ಜೆ 5: ಮೂರು ಮೀಟರ್

ಕಾರ್ಬನ್ ಡೈಆಕ್ಸೈಡ್, ತೇವಾಂಶ, ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳು). ಈ ಮೂರನ್ನು ಅಳೆದರೆ ತುಂಬ ಗೊಂದಲ ತಪ್ಪುತ್ತದೆ.

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಆಸುಪಾಸು. ಜನ ತುಂಬಿದ ಆಫೀಸಿನಲ್ಲಿ ಮಧ್ಯಾಹ್ನ 1,500 ದಾಟುತ್ತಿದ್ದರೆ ತಾಜಾ ಗಾಳಿ ಸಾಲುತ್ತಿಲ್ಲ. ಡಕ್ಟ್ ಕನ್ನಡಿಯ ಹಾಗಿದ್ದರೂ ತಲೆನೋವು ಬರುತ್ತದೆ. ಆಶ್ರೇ 62.1 ಮಾನದಂಡದ ಪ್ರಕಾರ ಆಫೀಸಿಗೆ ಒಬ್ಬರಿಗೆ ಸೆಕೆಂಡಿಗೆ 2.5 ಲೀಟರ್, ಜೊತೆಗೆ ಪ್ರತಿ ಚದರ ಮೀಟರಿಗೆ 0.3 ಲೀಟರ್ ತಾಜಾ ಗಾಳಿ ಬೇಕು. 1,000 ಚದರ ಮೀಟರಿನಲ್ಲಿ 100 ಜನ ಇದ್ದರೆ 250 ಮತ್ತು 300 ಸೇರಿ ಸೆಕೆಂಡಿಗೆ 550 ಲೀಟರ್. ಕರೆಂಟ್ ಉಳಿಸಲು ಯಾರೋ ತಾಜಾ ಗಾಳಿಯ ಡ್ಯಾಂಪರ್ (ಗಾಳಿ ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು) ಮುಚ್ಚಿ ತಂತಿ ಕಟ್ಟಿರುವುದನ್ನು ನಾನು ಒಂದಲ್ಲ, ಹಲವು ಕಡೆ ನೋಡಿದ್ದೇನೆ. ಅದನ್ನು ನೋಡಿದಾಗ ಬೇಜಾರಾಗುತ್ತದೆ. ಆ ಉಳಿತಾಯವನ್ನು ಕೂತು ಕೆಲಸ ಮಾಡುವವರು ತಮ್ಮ ಉಸಿರಲ್ಲಿ ತೀರಿಸುತ್ತಿರುತ್ತಾರೆ.

ತೇವಾಂಶ 40ರಿಂದ 60 ಶೇಕಡಾ ಒಳಗಿದ್ದರೆ ಒಳ್ಳೆಯದು. ಸದಾ ಅದಕ್ಕಿಂತ ಮೇಲಿದ್ದರೆ ಬೂಷ್ಟಿಗೆ ದಾರಿ. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಅಂದಿದೆ. ಎರಡೂ ಹೊರಗಿನ ಗಾಳಿಗೆ ಹೇಳಿದ್ದಾದರೂ ಹೋಲಿಸಿ ನೋಡಲು ಬರುತ್ತವೆ. ಅಳೆಯುವಾಗ ಹೊರಗೆ ಒಂದು ಸಲ, ಡಿಫ್ಯೂಸರ್ ಬಾಯಲ್ಲಿ ಒಂದು ಸಲ, ಟೇಬಲ್ ಹತ್ತಿರ ಒಂದು ಸಲ. ಹೊರಗಿನದಕ್ಕೂ ಡಿಫ್ಯೂಸರಿನದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ ಅಂದರೆ ಫಿಲ್ಟರ್ ಕೆಲಸ ಮಾಡುತ್ತಿಲ್ಲ. ಎ.ಸಿ. ಶುರುವಾದ ಮೊದಲ ಕೆಲವು ನಿಮಿಷ ಮಾತ್ರ ಡಿಫ್ಯೂಸರ್ ಬಾಯಲ್ಲಿ ಅಂಕಿ ಜಿಗಿದು ಇಳಿದರೆ, ಆಗ ಡಕ್ಟ್ ಒಳಗಿನ ಧೂಳಿನ ಮೇಲೆ ಅನುಮಾನ ಪಡಿ.

ಹೆಜ್ಜೆ 6: ಕ್ಲೀನಿಂಗ್ ಮಾಡಿಸುವುದಾದರೆ

ಬಾಡಿಗೆ ಫ್ಲೋರ್ ಆದರೆ ಮೊದಲು ಒಪ್ಪಂದ ತೆಗೆದು ನೋಡಿ. ಎಎಚ್‌ಯು ಮಾಲೀಕರದ್ದು, ಡಕ್ಟ್ ಬಾಡಿಗೆದಾರರದ್ದು ಅಂತ ಇರುವುದು ಉಂಟು. ಒಬ್ಬರು ಮಾಡಿಸಿ ಇನ್ನೊಬ್ಬರು ಬಿಟ್ಟರೆ ಪ್ರಯೋಜನ ಇಲ್ಲ. ಫೋಟೋ ಸಮೇತ ಇಮೇಲ್ ಹಾಕಿ, ಇಬ್ಬರೂ ಒಂದೇ ವಾರದಲ್ಲಿ ಮಾಡಿಸುವ ಹಾಗೆ ನೋಡಿಕೊಳ್ಳಿ. ಕಾಯಿಲ್, ಟ್ರೇ, ಫ್ಯಾನ್ ಕ್ಲೀನ್ ಆಗದೆ ಡಕ್ಟ್ ಮಾತ್ರ ಮಾಡುತ್ತೇವೆ ಅನ್ನುವ ಕೊಟೇಷನ್ ವಾಪಸ್ ಕೊಡಿ.

ಸರಿಯಾದ ವಿಧಾನ ಹೀಗಿರುತ್ತದೆ. ಡಕ್ಟ್‌ನ ಒಂದು ಭಾಗವನ್ನು ಬೇರೆ ಮಾಡಿ, ಡಿಫ್ಯೂಸರುಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚುತ್ತಾರೆ. ಒಂದು ತುದಿಗೆ ದೊಡ್ಡ ಹೀರುವ ಮಷಿನ್ ಜೋಡಿಸುತ್ತಾರೆ. ಅದಕ್ಕೆ ಹೆಪಾ ಫಿಲ್ಟರ್ ಇರಲೇಬೇಕು. 0.3 ಮೈಕ್ರಾನ್ ಕಣವನ್ನೂ 99.97 ಶೇಕಡಾ ಹಿಡಿಯುವಂಥದ್ದು. ಇನ್ನೊಂದು ಕಡೆಯಿಂದ ತಿರುಗುವ ಬ್ರಷ್ ಅಥವಾ ಗಾಳಿಯ ಚಾಟಿ ಬಿಟ್ಟು ಧೂಳನ್ನು ಸಡಿಲ ಮಾಡುತ್ತಾರೆ. ಸಡಿಲವಾದದ್ದೆಲ್ಲ ಮಷಿನ್ ಕಡೆಗೇ ಹೋಗಬೇಕು, ರೂಮಿಗೆ ಬರಬಾರದು. ಹೀರುವ ಮಷಿನ್ ಇಲ್ಲದೆ ಬರೀ ಬ್ಲೋವರ್ ತಂದು ಊದುವವರು ಧೂಳನ್ನು ಡಕ್ಟ್‌ನಿಂದ ನಿಮ್ಮ ಟೇಬಲ್ ಮೇಲೆ ವರ್ಗಾಯಿಸುತ್ತಾರೆ ಅಷ್ಟೇ.

ಸ್ಯಾನಿಟೈಸರ್ ಹೊಗೆ ಬಿಟ್ಟು ಒಂದು ಗಂಟೆಯಲ್ಲಿ ಮುಗಿಸುತ್ತೇವೆ ಅನ್ನುವವರೂ ಬರುತ್ತಾರೆ. ಧೂಳು ಅಲ್ಲೇ ಇರುತ್ತದೆ, ಮೇಲೆ ಕೆಮಿಕಲ್ ಸೇರುತ್ತದೆ, ಎರಡನ್ನೂ ಜನ ಉಸಿರಾಡುತ್ತಾರೆ. ಬ್ಲೀಚ್ ಹಾಕುತ್ತೇವೆ ಅಂದರೆ ಖಂಡಿತ ಬೇಡ, ಕಾಯಿಲ್‌ನ ಅಲ್ಯುಮಿನಿಯಂ ಎಲೆಗಳನ್ನು ಅದು ತಿಂದು ಹಾಕುತ್ತದೆ. ಒದ್ದೆಯಾಗಿ ಬೂಷ್ಟು ಹಿಡಿದ ಗ್ಲಾಸ್ ವುಲ್ ಲೈನಿಂಗ್ ಕ್ಲೀನ್ ಆಗುವ ವಸ್ತುವಲ್ಲ. ಕತ್ತರಿಸಿ ಹೊಸದು ಹಾಕಿಸಿ. ಹಳೇ ಫ್ಲೆಕ್ಸಿಬಲ್ ಡಕ್ಟ್ ಕೂಡ ಹಾಗೆಯೇ, ಬ್ರಷ್ ಹಾಕಿದರೆ ಹರಿಯುತ್ತದೆ.

ಡಕ್ಟ್‌ಗೆ ರಂಧ್ರ ಎಲ್ಲೆಲ್ಲಿ ಮಾಡುತ್ತಾರೆ, ಹೇಗೆ ಮುಚ್ಚುತ್ತಾರೆ ಅಂತ ಮೊದಲೇ ಕೇಳಿ. ಟೇಪ್ ಹಚ್ಚಿ ಹೋಗುವುದು ಬೇಡ. ರಬ್ಬರ್ ಗ್ಯಾಸ್ಕೆಟ್ ಇರುವ ಸಣ್ಣ ಬಾಗಿಲು ಬೇಕು, ಮೇಲೆ ಇನ್ಸುಲೇಷನ್ ಮತ್ತೆ ಕೂರಬೇಕು. ಫೈರ್ ಪ್ಯಾನೆಲ್ ನೋಡಿಕೊಳ್ಳುವವರಿಗೂ ತಿಳಿಸಿ. ಧೂಳಿಗೆ ಸ್ಮೋಕ್ ಡಿಟೆಕ್ಟರ್ ಕೂಗುತ್ತದೆ. ಆ ಭಾಗದ್ದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ, ಕೆಲಸ ಮುಗಿದ ರಾತ್ರಿಯೇ ಮತ್ತೆ ಚಾಲೂ ಮಾಡಿದ್ದನ್ನು ನೀವೇ ನಿಂತು ನೋಡಿ.

ಈ ಕೆಲಸ ಶನಿವಾರ ರಾತ್ರಿ ನಡೆಯುತ್ತದೆ. ಮಾಡುವವರು ಹೆಚ್ಚಾಗಿ ಗುತ್ತಿಗೆ ಹುಡುಗರು. ಕರ್ಚೀಫ್ ಕಟ್ಟಿಕೊಂಡು ಸೀಲಿಂಗ್ ಒಳಗೆ ನುಗ್ಗುವುದನ್ನು ನೋಡಿದ್ದೇನೆ. ಮಾಸ್ಕ್, ಕನ್ನಡಕ, ಗಟ್ಟಿ ಏಣಿ, ಬೆಳಕು ಇವು ಕೊಟೇಷನ್‌ನಲ್ಲೇ ಬರೆದಿರಲಿ. ಇಲ್ಲದಿದ್ದರೆ ಕೆಲಸ ಶುರು ಮಾಡಲು ಬಿಡಬೇಡಿ. ನಿಮ್ಮ ಆಫೀಸಿನವರ ಶ್ವಾಸಕೋಶಕ್ಕೆ ಇರುವ ಬೆಲೆಯೇ ಅವರದ್ದಕ್ಕೂ ಇದೆ.

ಹೆಜ್ಜೆ 7: ದುಡ್ಡು ಕೊಡುವ ಮೊದಲು

ನಂಬರ್ ಚೀಟಿ ಹಾಕಿದ್ದ ಅದೇ ಜಾಗಗಳ ಫೋಟೋ ಕೇಳಿ. ಎರಡು ಜಾಗವನ್ನು ನೀವೇ ಆರಿಸಿ ತೆರೆಸಿ, ಬಿಳಿ ಬಟ್ಟೆಯಲ್ಲಿ ಒರೆಸಿ. ದೊಡ್ಡ ಕೆಲಸ ಆದರೆ ನಾಡ್ಕಾ (ಅಮೆರಿಕದ ಡಕ್ಟ್ ಕ್ಲೀನಿಂಗ್ ಕಂಪನಿಗಳ ಸಂಘ) ಮಾನದಂಡದ ವ್ಯಾಕ್ಯೂಮ್ ಪರೀಕ್ಷೆ ಮಾಡಿಸಬಹುದು. ಅದರಲ್ಲಿ 100 ಚದರ ಸೆಂಟಿಮೀಟರಿಗೆ 0.75 ಮಿಲಿಗ್ರಾಂಗಿಂತ ಜಾಸ್ತಿ ಧೂಳು ಸಿಗಬಾರದು. ಡ್ಯಾಂಪರುಗಳು ಕದಲಿರುತ್ತವೆ, ಹಾಗಾಗಿ ಡಿಫ್ಯೂಸರುಗಳಲ್ಲಿ ಗಾಳಿ ಅಳೆಸಿ ಮತ್ತೆ ಹೊಂದಿಸಿ. ಹೊಸ ಫಿಲ್ಟರ್ ಹಾಕಿ, ತಾಜಾ ಗಾಳಿ ಪೂರ್ತಿ ತೆರೆದು, ಭಾನುವಾರ ಒಂದೆರಡು ಗಂಟೆ ಖಾಲಿ ಫ್ಲೋರಿನಲ್ಲಿ ಓಡಿಸಿ.

ಆಮೇಲಿನ ಅಭ್ಯಾಸ ಕಡಿಮೆಯೇ. ವಾರಕ್ಕೊಮ್ಮೆ ಟ್ರೇ, ತಿಂಗಳಿಗೊಮ್ಮೆ ಫಿಲ್ಟರಿನ ಸಂದಿ ಮತ್ತು ಬೆಲ್ಟ್, ಮಳೆಗಾಲಕ್ಕೆ ಮುಂಚೆ ಕಾಯಿಲ್ ಮತ್ತು ಇನ್ಸುಲೇಷನ್, ವರ್ಷಕ್ಕೊಮ್ಮೆ ಆ ನಾಲ್ಕು ಜಾಗದಲ್ಲಿ ಕ್ಯಾಮೆರಾ. ಬೆಳಗ್ಗೆ ಜನ ಬರುವ ಒಂದು ಗಂಟೆ ಮೊದಲೇ ಎಎಚ್‌ಯು ಶುರುವಾಗಲಿ. ಸೋಮವಾರದ ಸೀನು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಫ್ಲೋರಿನಲ್ಲಿ ಮತ್ತೆ ಇಂಟೀರಿಯರ್ ಕೆಲಸ ಬಂದಾಗ, ಉಜ್ಜುವ ಮಷಿನ್ ಶುರುವಾಗುವ ಮುಂಚೆ ಆ ಕಡೆಯ ಎಲ್ಲ ರಿಟರ್ನ್ ಗ್ರಿಲ್ ಮತ್ತು ಡಿಫ್ಯೂಸರುಗಳನ್ನು ಪ್ಲಾಸ್ಟಿಕ್ ಶೀಟ್ ಹಾಕಿ ಟೇಪ್ ಮಾಡಿಸಿ. ಸೀಲಿಂಗ್ ಮೇಲಿನ ಜಾಗ ಎರಡೂ ಭಾಗಕ್ಕೆ ಒಂದೇ ಆಗಿದ್ದರೆ ಅಲ್ಲೂ ಅಡ್ಡ ಪರದೆ ಬೇಕು. ಆ ಎಎಚ್‌ಯು ಬಂದ್ ಇರಲಿ. ಕೆಲಸದವರಿಗೆ ಸೆಕೆ ಆದರೆ ಹೊರಗೆ ಗಾಳಿ ಎಸೆಯುವ ಫ್ಯಾನ್ ಕಿಟಕಿಗೆ ಹಾಕಿಕೊಡಿ, ಧೂಳೂ ಹೊರಗೆ ಹೋಗುತ್ತದೆ. ಮುಗಿದ ಮೇಲೆ ಮೊದಲು ನೆಲ, ಗೋಡೆ ವ್ಯಾಕ್ಯೂಮ್ ಮಾಡಿಸಿ. ಆಮೇಲೆ ಹೊಸ ಫಿಲ್ಟರ್. ಕೊನೆಗೆ ಪ್ಲಾಸ್ಟಿಕ್ ತೆಗೆಯಿರಿ. ಬೆಳ್ಳಂದೂರಿನ ಆ ಫ್ಲೋರಿನಲ್ಲಿ ಈಗ ಗ್ರಿಲ್ ಮುಚ್ಚಿರುವ ಫೋಟೋ ಕಳಿಸದೆ ಯಾವ ಕಾಂಟ್ರಾಕ್ಟರಿಗೂ ಕೆಲಸದ ಪರ್ಮಿಟ್ ಕೊಡುವುದಿಲ್ಲ.